ಮೂಲೆಯ ಹಲಗೆ

ಲುವಾಂಡಾದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಹೊಸ ಕ್ರೀಡಾಂಗಣಕ್ಕೆ ಬಂದಾಗ ಹಳೆಯದರ ಮರದ ನೆಲವನ್ನೂ ಬಿಚ್ಚಿ ತಂದಿತು. ಜೋಡಿಸುವವರು ಹಲಗೆಗಳನ್ನು ಅದಲುಬದಲು ಮಾಡಿದರು. ನನ್ನ ಗಂಡ ಝೆಫೆರಿನೊ ಹದಿಮೂರು ವರ್ಷ ನಿಂತು ಫ್ರೀ ಥ್ರೋ ಎಸೆದಿದ್ದ ಹಲಗೆ, ಬಿಳಿ ಗೆರೆಯ ಕಲೆ ಸಮೇತ, ಯಾರೂ ಆಡದ ಮೂಲೆಗೆ ಹೋಯಿತು. ಅವನು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ನೆಲ ಒರೆಸುವ ಕೆಲಸ ನನ್ನದು. ಪ್ರತಿ ಮಧ್ಯಾಹ್ನ ಆ ಹಲಗೆಯ ಮೇಲೆ ಮೂರು ಹನಿ ಇರುತ್ತಿದ್ದವು. ಸೂರು ಸೋರುತ್ತಿರಲಿಲ್ಲ, ಅದು ಮಳೆಯಿಲ್ಲದ ತಿಂಗಳು. ನನ್ನದೇ ತಪ್ಪಿರಬಹುದೆಂದು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಏಸಿಯ ಚಳಿಯಲ್ಲೂ ಹನಿಗಳು ಬೆಚ್ಚಗಿದ್ದವು. ನಾಲಿಗೆಗೆ ತಾಗಿಸಿದರೆ ಉಪ್ಪು. ಒರೆಸಲು ಮನಸ್ಸು ಬರುತ್ತಿರಲಿಲ್ಲ. ಆದರೆ ಯಾರಾದರೂ ಜಾರಿ ಬಿದ್ದರೆ? ಹೆದರಿ ಮೇಸ್ತ್ರಿ ಅಡಾವೊಗೆ ಹೇಳಿದೆ.

"ಒರ್ಸಿ ಒರ್ಸಿ ನಿನ್ ಬೆವರೇ ಬಿದ್ದಿರ್ಬೇಕು ಕಣಕ್ಕಾ," ಎಂದು ನಕ್ಕ. ಆದರೂ ಹಲಗೆ ಬದಲಿಸಿ, ಹಳೆಯದನ್ನು ನನಗೇ ಕೊಟ್ಟ.

ಅದನ್ನು ಮಂಚದ ಪಕ್ಕದಲ್ಲಿಟ್ಟುಕೊಂಡೆ. ವಾರವಿಡೀ, ಎದ್ದ ಕೂಡಲೇ ಕೈಯಾಡಿಸಿ ನೋಡಿದೆ. ಒಣಗಿಯೇ ಇತ್ತು.

ನಿನ್ನೆ ಅಡಾವೊ ಕ್ರೀಡಾಂಗಣದ ಬಾಗಿಲಲ್ಲೇ ತಡೆದ. "ಅಕ್ಕಾ, ಆ ಹೊಸ ಹಲಗೇನೂ ಒದ್ದೆ. ನಾನೇ ಮುಟ್ಟಿ ನೋಡ್ದೆ, ಬೆಚ್ಚಗಿದೆ." ಈ ಸಲ ನಗಲಿಲ್ಲ.

"ಬದುಕಿದ್ದಾಗ್ಲೂ ಹಾಗೇನೇ," ಅಂದೆ. "ಆಟ ಮುಗಿದ್ರೂ ಮನೆಗೆ ಬರ್ತಿರ್ಲಿಲ್ಲ."

ಮೂಲೆಯಲ್ಲಿ ಮಂಡಿಯೂರಿ ಮೂರೂ ಹನಿ ಒರೆಸಿದೆ. ಬಟ್ಟೆ ಹಿಂಡುವಷ್ಟರಲ್ಲಿ ನಾಲ್ಕನೆಯದು ನನ್ನ ಕತ್ತಿನ ಮೇಲೆ ಬಿತ್ತು, ಬೆಚ್ಚಗೆ.