ಎರಡನೇ ಸ್ಲಾಟ್

ನಂಬೋದು ಬಿಡೋದು ನಿಮಗೆ ಸೇರಿದ್ದು, ಕಂಡದ್ದನ್ನಷ್ಟೇ ಹೇಳುತ್ತೇನೆ. ಅಕ್ಕ ವರ್ಷಗಟ್ಟಲೆ ಬರೆದ ಪಿಎಚ್‌ಡಿ ಪ್ರಬಂಧ ಅಂದು ಸಂಜೆಯೊಳಗೆ ವಿಶ್ವವಿದ್ಯಾಲಯ ಸೇರಬೇಕಿತ್ತು. ತಪ್ಪಿದರೆ ನೋಂದಣಿಯೇ ರದ್ದು. ಅವಳ ಮುದಿ ಲ್ಯಾಪ್‌ಟಾಪ್ ಮಾತ್ರ ಬೆಳಗಿನಿಂದ ಫೈಲು ತೆರೆದಾಗಲೆಲ್ಲ ಕಣ್ಣು ಮುಚ್ಚುತ್ತಿತ್ತು.

ನಾನು ತಳ ಬಿಚ್ಚಿ, ಎರಡು ಮೆಮೊರಿ ಪಟ್ಟಿಗಳನ್ನೂ ಅದಲುಬದಲು ಮಾಡಿ ನೋಡಿದೆ. ಕೆಟ್ಟಿದ್ದು ಪಟ್ಟಿಯಲ್ಲ, ಪಟ್ಟಿ ಕೂರುವ ಎರಡನೇ ಸ್ಲಾಟ್. ಅದರಲ್ಲಿದ್ದ ಪಟ್ಟಿಯನ್ನು ತೆಗೆದಿಟ್ಟೆ. ಯಂತ್ರವೆಲ್ಲ ಸುಡುತ್ತಿದ್ದರೂ ಆ ಖಾಲಿ ಸ್ಲಾಟ್ ಮಾತ್ರ ನೀರಿನ ಕೊಡದಂತೆ ತಣ್ಣಗಿತ್ತು.

"ಅರ್ಧ ಮೆಮೊರೀಲಿ ನಡಿಯುತ್ತೇನೋ?" ಅಂದಳು ಅಕ್ಕ.

"ಕುಂಟುತ್ತೆ, ಆದ್ರೆ ನಡಿಯುತ್ತೆ."

ಕುಂಟಲಿಲ್ಲ, ಹೊಸದರಂತೆ ಓಡಿತು. ಇದ್ದದ್ದು ಒಂದೇ ಪಟ್ಟಿಯಾದರೂ ಪರದೆಯಲ್ಲಿ ಎರಡರ ಪೂರ್ತಿ ಮೆಮೊರಿ ತೋರಿಸುತ್ತಿತ್ತು. ತಳದಿಂದ, ಭಾರ ಹೊತ್ತವರು ಉಸಿರು ಬಿಗಿಹಿಡಿದು ಬಿಟ್ಟಂಥ ಸದ್ದು ಬರುತ್ತಿತ್ತು. ಅಕ್ಕನಿಗೂ ಅದು ಕೇಳಿಸಿತು, ಆದರೆ ಅವಳು ಬೆರಳು ನಿಲ್ಲಿಸಲಿಲ್ಲ. ಗಡುವಿಗೆ ಮುಂಚೆಯೇ ಪ್ರಬಂಧ ಕಳಿಸಿ, "ಗೆದ್ವಿ ಕಣೋ!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಇಬ್ಬರೂ ಸೂರು ಹಾರಿಹೋಗುವಂತೆ ಕೂಗಿದೆವು.

ಖುಷಿ ಇಳಿದ ಮೇಲೆ, ನೋಡೇ ಬಿಡೋಣ ಅಂತ ಯಂತ್ರ ಆರಿಸಿ ತಳ ಬಿಚ್ಚಿ, ಆ ಪಟ್ಟಿಯನ್ನು ಮತ್ತೆ ಸ್ಲಾಟಿಗೆ ಹಾಕಹೋದೆ. ಕಣ್ಣಿಗೆ ಅದು ಖಾಲಿಯೇ ಕಾಣುತ್ತಿತ್ತು. ಆದರೆ ಎಷ್ಟು ಒತ್ತಿದರೂ ಪಟ್ಟಿಯ ಅಂಚು ಸಹ ಒಳಗೆ ಹೋಗಲಿಲ್ಲ.