ಕೊಂಬು ಬಂದ ಇಂಗ್ಲಿಷು

“ಮೈ ಬುಕ್ಕು ಈಸ್ ಇನ್ ದಿ ಬ್ಯಾಗು,” ಎಂದಳು ಗುಬ್ಬಿ. ತರಗತಿಗೆ ತರಗತಿಯೇ ಗೊಳ್ಳೆಂದಿತು.

“ಮಿಸ್, ಇವಳ ಇಂಗ್ಲಿಷಿಗೆ ಕೊಂಬು ಬಂದಿದೆ,” ಎಂದ ಹಿಂದಿನ ಬೆಂಚಿನ ಗುಂಗುರು ಕೂದಲಿನವ.

ಅವನು ಹೇಳಿದ್ದೇನೂ ಸುಳ್ಳಲ್ಲ. ಬುಕ್ ಎನ್ನುವುದು ಅವಳ ಬಾಯಲ್ಲಿ ಬುಕ್ಕು, ಡೆಸ್ಕ್ ಎನ್ನುವುದು ಡೆಸ್ಕು. ಪದದ ಕೊನೆಗೊಂದು ಕೊಂಬು ಕೊಡದಿದ್ದರೆ ಅವಳ ನಾಲಿಗೆಗೆ ಸಮಾಧಾನವಿಲ್ಲ. ಮಿಸ್ ಎಲ್ಲರನ್ನೂ ಗದರಿಸಿದರು. ಮುಂದಿನ ತಿಂಗಳ ಮೊದಲ ಸೋಮವಾರ ಪ್ರತಿಯೊಬ್ಬರೂ ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು ಎಂದೂ ಹೇಳಿದರು.

ಗುಬ್ಬಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವತ್ತೂ ಎಲ್ಲರೂ ನಕ್ಕರೆ ತಾನಿನ್ನು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೋ ಮಾತೆಂದರೆ ಪ್ರಾಣ.

ಅವಳ ಅಪ್ಪ ಬ್ರೆಡ್ ಮಾಡುವವನು. ಅವನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ, ಕಿವಿ ಮಾತ್ರ ಬಲು ಚುರುಕು. “ನಂಗೆ ಅರ್ಥ ಆಗದಿದ್ರೇನು? ಕೊಂಬು ಕೇಳತ್ತಲ್ಲ,” ಎಂದ, ಗುಬ್ಬಿ ನಡೆದದ್ದನ್ನು ಹೇಳಿದಾಗ.

ಮರುದಿನದಿಂದಲೇ ಶುರು. ಬೆಳಿಗ್ಗೆ ಆರಕ್ಕೆ ಅಪ್ಪ ಹಿಟ್ಟು ನಾದುವಾಗ ಗುಬ್ಬಿ ಹತ್ತು ನಿಮಿಷ ಕಣ್ಣಿಗೆ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬೇಕು. ಕೊಂಬು ಬಂದರೆ ಅಪ್ಪ ಹಲಗೆಯ ಮೇಲೆ ಟಕ್ ಎಂದು ಬಡಿಯುತ್ತಾನೆ. ಮೊದಲ ದಿನ ನಾದಿದ್ದಕ್ಕಿಂತ ಬಡಿದದ್ದೇ ಹೆಚ್ಚು.

ಆರನೆಯ ದಿನ ಗುಬ್ಬಿಗೆ ಅಳುವೇ ಬಂತು. ಏಳುವುದಿಲ್ಲ ಎಂದು ಹೊದಿಕೆಯೊಳಗೆ ಮುದುಡಿದಳು. ಐದು ನಿಮಿಷ ಕಳೆಯುವಷ್ಟರಲ್ಲಿ ತಾನೇ ಎದ್ದು ಬಂದು ಹಲಗೆಯ ಎದುರು ನಿಂತಳು. “ನಾಲಿಗೆ ನಂದು. ಅದು ನಾನು ಹೇಳಿದ ಹಾಗೆ ಕೇಳಬೇಕು,” ಎಂದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಮಲಗಿದಲ್ಲಿಂದಲೇ ಹೇಳಿದಳು. ಮೂರನೆಯ ವಾರಕ್ಕೆ ಟಕ್ ಎನ್ನುವುದು ಒಂದೆರಡು ಸಲಕ್ಕೆ ಇಳಿಯಿತು.

ಸೋಮವಾರ ಬಂತು. ಗುಬ್ಬಿ ಅಪ್ಪನ ಕೆಲಸದ ಬಗ್ಗೆ ಮಾತಾಡಿದಳು. ನಡುವೆ ಒಮ್ಮೆ “ಬ್ರೆಡ್ಡು” ಎಂದು ಜಾರಿತು. ಯಾರೋ ಕಿಸಕ್ಕೆಂದರು. ಅವಳು ನಿಂತು, “ಬ್ರೆಡ್” ಎಂದು ತಿದ್ದಿ ಮುಂದುವರಿಸಿದಳು. ನಿಮಿಷ ಮುಗಿಯಿತು. “ಥ್ಯಾಂಕ್ ಯು,” ಎಂದಳು.

“ಮಿಸ್, ಮತ್ತೆ ಕೊಂಬು,” ಎಂದ ಗುಂಗುರು ಕೂದಲಿನವ.

ಗುಬ್ಬಿ “ಯು” ಎನ್ನುವುದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿ ನೋಡಿದಳು.

“ಇದು ನಾನು ಕೊಟ್ಟಿದ್ದಲ್ಲ ಕಣೋ. ಅದಕ್ಕೆ ಹುಟ್ಟಿದಾಗಿಂದ್ಲೇ ಇದೆ,” ಎಂದಳು.

ಎಲ್ಲರೂ ನಕ್ಕರು, ಅವನೂ ನಕ್ಕ. ಈ ನಗು ಅವಳಿಗೆ ಚುಚ್ಚಲಿಲ್ಲ. ಬೆಂಚಿಗೆ ಮರಳುವಾಗ ಅವಳಿಗೆ ತನ್ನ ಮೇಲೇ ಅಚ್ಚರಿಯಾಗುತ್ತಿತ್ತು. ಯಾವ ಕೊಂಬು ತನ್ನದು, ಯಾವುದು ಇಂಗ್ಲಿಷಿನದೇ ಎಂದು ಇವತ್ತು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಕಿವಿಗೇ ಕೇಳಿಸಿತ್ತು.