ಹಲಸಿನ ಮರದ ಮೊಳೆ

"ಸಂಜೆ ಸಂಜೆ ಅಂಗೈಲಿ ಒಂದ್ಸಲ ಒತ್ತಿಬಿಡಿ, ಸಾಕು. ಕೀಳೋದು ಮಾತ್ರ ಬೇಡವೇ ಬೇಡ."

ತೋಟ ಮಾರಿದ ಮುದುಕ ತೋರಿಸಿದ್ದು ಹಲಸಿನ ಸಾಲಿನ ಕೊನೆಯ ಮರವನ್ನು. ಅದರ ಕಾಂಡದಲ್ಲಿ, ಆಳಿನ ತಲೆಗಿಂತ ಒಂದು ಗೇಣು ಮೇಲೆ, ಅಗಲ ತಲೆಯ ಕರಿಮೊಳೆಯೊಂದಿತ್ತು. ಈ ಮನೆಯಲ್ಲಿ ಮಕ್ಕಳ ಉಸಿರು ಉಳಿಯಬಾರದೆಂದು ಅಜ್ಜನ ಕಾಲದಲ್ಲಿ ಯಾರೋ ಮಾಟ ಮಾಡಿಸಿದ್ದರಂತೆ. ಮಂತ್ರವಾದಿಯೊಬ್ಬ ಅದನ್ನು ಮರಕ್ಕೆ ಕಟ್ಟಿಹಾಕಿ ಈ ಮೊಳೆ ಹೊಡೆದನಂತೆ. ಹೇಳುತ್ತಿದ್ದ ಮುದುಕನ ಅಂಗೈ ನಡುವೆ ದುಂಡಗೆ ಜಡ್ಡುಗಟ್ಟಿತ್ತು.

ಕೊಂಡವನು ಅರ್ಧ ಆಯುಸ್ಸು ಕಬ್ಬಿಣದ ಅಂಗಡಿಯಲ್ಲಿ ಕಳೆದವನು. ಮೊಳೆ ಮಾರಿಯೇ ಈ ತೋಟ ಕೊಂಡವನಿಗೆ ಮೊಳೆಯ ಪಾಠ.

"ಯಜಮಾನ್ರೇ, ಇದೇನು ಮೊಳೆನೋ, ಬಾಗಿಲ ಗಂಟೆನೋ?" ಎಂದು ನಕ್ಕ. ಮುದುಕ ನಗಲಿಲ್ಲ.

ಒತ್ತಿದರೆ ನಮ್ಮ ಗಂಟೇನು ಹೋಗುತ್ತದೆ ಎಂದು ಹೆಂಡತಿ ಅಂದಳು. ಅವನು ಕೇಳಲಿಲ್ಲ. ತುಕ್ಕು ಮರವನ್ನು ಕೊಳೆಸುತ್ತದೆ ಎಂಬುದು ಅವನ ಲೆಕ್ಕಾಚಾರ. ಒಂದು ಮಧ್ಯಾಹ್ನ ಇಕ್ಕಳ ಹಾಕಿ ಎಳೆದ. ಮೊಳೆ ಸಲೀಸಾಗಿ ಬಂತು. ತೂತಿನಿಂದ ಮೇಣ ಇಳಿಯಿತು, ಬೆಚ್ಚಗಿತ್ತು. ಇಂಥ ಗಟ್ಟಿ ಕಬ್ಬಿಣ ಈಗೆಲ್ಲಿ ಸಿಗುತ್ತದೆ ಎಂದುಕೊಂಡು ಅದನ್ನು ಮನೆಯ ಬಾಗಿಲ ಚೌಕಟ್ಟಿಗೆ ಹೊಡೆದು ಮಗಳ ಶಾಲೆಯ ಚೀಲ ನೇತುಹಾಕಿದ.

ಆ ಮಗಳೇ ಅವನ ಪ್ರಾಣ. ಅಪ್ಪನಿಗೆ ಕಚಗುಳಿ ಅಂದರೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಅವನು ಪೇಪರ್ ಹಿಡಿದು ಕೂತರೆ ಸಾಕು, ಹಿಂದಿನಿಂದ ಬಂದು ಕಂಕುಳಿಗೆ ಬೆರಳು ಹಾಕುವಳು. ಪೇಪರ್ ನೆಲಕ್ಕೆ, ಅವನೂ ನೆಲಕ್ಕೆ.

ಮರುದಿನ ಶಾಲೆಯಿಂದ ಬಂದವಳು ಚೀಲ ನೇತುಹಾಕಿ ಹೊಸ್ತಿಲಲ್ಲೇ ಕುಸಿದಳು. ಎದೆ ಸೀಟಿಯ ಹಾಗೆ ಸದ್ದು ಮಾಡುತ್ತಿತ್ತು. ಬಾಯಿಂದ ಕೊಳೆತ ಹಲಸಿನ ವಾಸನೆ. ತೋಟದಲ್ಲಿ ಆಗ ಎಳೆಗಾಯಿ ಬಿಟ್ಟರೆ ಒಂದು ಹಣ್ಣೂ ಇರಲಿಲ್ಲ. ಅವಳ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಇನ್ನೂ ದೂರವಿತ್ತು. ಅವನು ಮುದುಕನಿಗೆ ಫೋನ್ ಮಾಡಿದ.

"ಕಿತ್ತಿರಾ?" ಎಂದಷ್ಟೇ ಕೇಳಿತು ಆ ದನಿ. "ಅದೇ ತೂತಿಗೆ ಇಟ್ಟು ಅಂಗೈಲಿ ಒತ್ತಿ ಹಿಡ್ಕೊಳ್ಳಿ. ಒಂದ್ಸಲ ಕಿತ್ತ ಮೇಲೆ ಅದು ತಾನಾಗಿ ನಿಲ್ಲಲ್ಲ. ಕೈ ತೆಗೀಬೇಡಿ."

"ಎಷ್ಟು ಹೊತ್ತು?"

ಮುದುಕ ಹೇಳಿದ: "ನಮ್ಮ ಚಿಕ್ಕಪ್ಪನೂ ಕಿತ್ತಿದ್ರು. ಸಾಯೋ ತನಕ ಹಿಡ್ಕೊಂಡೇ ಇದ್ರು. ಅವರು ಹೋದ ಮೇಲೇ ಅದು ತಾನಾಗಿ ಕೂತಿದ್ದು."

ಚೌಕಟ್ಟಿನಿಂದ ಮೊಳೆ ಕಿತ್ತು ಓಡಿದ. ಹಲಸಿನ ಸಾಲಿನೊಳಗೆ ಆಗಲೇ ಕತ್ತಲು. ತರಗೆಲೆ ಕಾಲಡಿ ಚರಚರ ಎನ್ನುತ್ತಿತ್ತು. ಕೈ ಎತ್ತಿ ತಡಕಿದ. ತೂತು ಸಿಕ್ಕಿತು. ಒತ್ತಿದ. ಮಾಗಿದ ಹಣ್ಣಿಗೆ ಇಳಿದ ಹಾಗೆ ಮೊಳೆ ಇಳಿಯಿತು. ಒಳಗಿನಿಂದ ಏನೋ ಹಿಂದಕ್ಕೆ ತಳ್ಳಿತು. ಅಂಗೈ ಸುಟ್ಟಂತಾಯಿತು. ಇನ್ನಷ್ಟು ಒತ್ತಿದ.

"ಉಸಿರು ಬಂತು ರೀ!" ಮನೆಯಿಂದ ಹೆಂಡತಿಯ ಕೂಗು.

ಅವನು ಅತ್ತುಬಿಟ್ಟ. ತೋಳು ಜೋಮು ಹಿಡಿಯುತ್ತಿತ್ತು. ಸಾಯುವ ತನಕ ತಾನೇ? ನಿಲ್ಲುತ್ತೇನೆ. ಇಲ್ಲೇ ಒಂದು ಸೂರು ಹಾಕಿಕೊಂಡರಾಯಿತು.

ಹಿಂದೆ ತರಗೆಲೆ ಸದ್ದಾಯಿತು. ಪುಟ್ಟ ಬರಿಗಾಲು. ತಡೆತಡೆದು ಬರುವ, ಕಳ್ಳಹೆಜ್ಜೆಯ ಸದ್ದು. ಹುಷಾರಾದ ಮಗಳು ನಗು ತಡೆದುಕೊಂಡು ಬರುತ್ತಿದ್ದಳು.

"ಬೇಡ ಪುಟ್ಟಿ..." ಎನ್ನಹೋದ. ಸ್ವರ ಹೊರಡಲಿಲ್ಲ.

ಎತ್ತಿ ಹಿಡಿದ ತೋಳಿನ ಕೆಳಗೆ, ಕಂಕುಳಲ್ಲಿ, ಐದು ಬೆಚ್ಚನೆಯ ಬೆರಳುಗಳು ಆಡತೊಡಗಿದವು.